ಮಾರೆಣ್ಣ ತೋರಿಸಿದ ಬಳ್ಳಾರಿ

ಮಾರೆಣ್ಣನ ವಿಷಯ ಎತ್ತಿದರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಹೆಸರು ಅನಿತಾ. ಮನೆ ಕಂಟೋನ್ಮೆಂಟಿನಲ್ಲಿ. ಗಂಡಸರ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಮಾರೆಣ್ಣ ಅದೇ ವಾರ್ಡಿನಲ್ಲಿ ಸ್ಟ್ರೆಚರ್ ನೂಕುವವನು. ಕುರುಗೋಡಿನವನು, ಕುಳ್ಳ, ಗಟ್ಟಿ ಆಳು. ತಲೆ ಪೂರ್ತಿ ಬೆಳ್ಳಗಾಗಿದೆ, ಮೀಸೆಗೆ ಮಾತ್ರ ತಪ್ಪದೆ ಕಪ್ಪು ಬಣ್ಣ ಹಚ್ಚುತ್ತಾನೆ. ಯಾಕೆಂದು ಒಮ್ಮೆ ಕೇಳಿದ್ದೆ. "ತಲಿ ಬೆಳ್ಳಗಿದ್ರ ಬಸ್ಸಿನ್ಯಾಗ ಸೀಟು ಬಿಟ್ಟು ಕೊಡತಾರ, ಮೀಸಿ ಕಪ್ಪಗಿದ್ರ ಹೇಳಿದ ಮಾತು ಕೇಳತಾರ ಸಿಸ್ಟರ್" ಅಂದಿದ್ದ. ಅವನ ಮಾತು ಎಲ್ಲರೂ ಕೇಳುತ್ತಿದ್ದದ್ದು ನಿಜ. ಈ ಕತೆಯ ಕಷ್ಟ ಇರುವುದೂ ಅಲ್ಲೇ.

ನಮ್ಮ ಕಡೆ ಹಳ್ಳಿಯಿಂದ ಒಬ್ಬ ರೋಗಿ ಬಂದರೆ ಜೊತೆಗೆ ಮೂರು ಜನ ಬರುತ್ತಾರೆ. ಸಿರುಗುಪ್ಪ, ತೆಕ್ಕಲಕೋಟೆ, ಸಿರಿಗೇರಿ, ಗಡಿಯಾಚೆಯ ಆಂಧ್ರದ ಹಳ್ಳಿಗಳು, ಎಲ್ಲ ಕಡೆಯವರೂ ಹಾಗೇ. ಸಂಜೆ ಆರಕ್ಕೆ ನೋಡುವವರ ಸಮಯ ಮುಗಿಯುತ್ತದೆ. ರೋಗಿಗೆ ಒಬ್ಬರಂತೆ ಒಳಗೆ ಬಿಟ್ಟು ಉಳಿದವರನ್ನು ನಾವೇ ಹೊರಗೆ ಅಟ್ಟುತ್ತೇವೆ. ಹೆಂಗಸರು ವರಾಂಡದ ಗೋಡೆಗೆ ಒರಗಿ ಕೂರುತ್ತಾರೆ. ಗಂಡಸರು ಸ್ವಲ್ಪ ಹೊತ್ತು ಬೀಡಿ ಸೇದಿ, ಆಕಾಶ ನೋಡಿ, ಆಮೇಲೆ ರಸ್ತೆ ದಾಟಿ ಬಾರಿಗೆ ಹೋಗುತ್ತಾರೆ. ಇಷ್ಟು ದೊಡ್ಡ ಪೇಟೆಯಲ್ಲಿ ಸಂಜೆ ಹೊತ್ತು ಹೋಗಲು ಅದೊಂದೇ ಜಾಗ ಅನ್ನುವ ಹಾಗೆ.

ಮಾರೆಣ್ಣನೂ ಒಂದು ಕಾಲಕ್ಕೆ ಹೀಗೇ ಬಂದವನು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಜೊತೆಗಿದ್ದ. ತಾಯಿ ಗುಣವಾಗಿ ಊರಿಗೆ ಹೋದಳು, ಇವನು ಕುಡಿಯುವುದು ಕಲಿತು ಇಲ್ಲೇ ಉಳಿದ. ಅವರಿವರ ಕೈಕಾಲು ಹಿಡಿದು ಕೆಲಸ ಗಿಟ್ಟಿಸಿಕೊಂಡ. ಹತ್ತು ವರ್ಷ ಸಂಜೆ ಆರು ಹೊಡೆಯಿತೆಂದರೆ ಅವನ ಕಾಲು ತಾವೇ ರಸ್ತೆ ದಾಟುತ್ತಿದ್ದವಂತೆ. ಹೆಂಡತಿ ಹಂಪಕ್ಕ ಮಗಳನ್ನು ಎತ್ತಿಕೊಂಡು ತವರಿಗೆ ಹೋದಳು. ಆಮೇಲೆ ಒಂದು ಸಲ ಚುನಾವಣೆ ಬಂದು ಬಾರುಗಳೆಲ್ಲ ಬಾಗಿಲು ಹಾಕಿದವು. ಆರಕ್ಕೆ ಕಾಲು ಹೊರಟವು, ಹೋಗಲು ಜಾಗವಿಲ್ಲ. ಸುಮ್ಮನೆ ನಡೆದು ನಡೆದು ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿ ನಿಂತ. ಕೆಳಗೆ ಅದಿರಿನ ಗಾಡಿ ಹೊರಟಿತ್ತು. ಹೊತ್ತು ಹೋಗಲೆಂದು ಡಬ್ಬಿ ಎಣಿಸಿದ. ತಲೆ ಎತ್ತುವಷ್ಟರಲ್ಲಿ ದೂರದಲ್ಲಿ ಕೋಟೆ ಗುಡ್ಡದ ಮೇಲೆ ದೀಪಗಳು ಹೊತ್ತಿಕೊಂಡವು.

"ಹತ್ತು ವರ್ಷ ಈ ಊರಾಗ ಇದ್ದೆ ಸಿಸ್ಟರ್. ಆ ಗುಡ್ಡಕ್ಕ ಸಂಜಿಗೆ ದೀಪ ಹಚ್ಚತಾರಂತ ನಂಗ ಗೊತ್ತ ಇರ್ಲಿಲ್ಲ. ಆ ಹೊತ್ತಿಗೆ ನಾ ತಲಿ ತಗ್ಗಿಸಿ ಗ್ಲಾಸು ನೋಡತಿದ್ದೆ."

ಮರುದಿನ ಬಾರು ತೆರೆಯಿತು, ಇವನು ಹೋಗಲಿಲ್ಲ. ಮತ್ತೆ ಮೇಲ್ಸೇತುವೆಗೇ ಹೋದ. ಮೂರನೆಯ ದಿನ ವಾರ್ಡಿನ ಇಬ್ಬರು ರೈತರನ್ನೂ ಎಳೆದುಕೊಂಡು ಹೋದ. ಹಂಪಕ್ಕ ನಂಬಿ ವಾಪಸು ಬರಲು ಎರಡು ವರ್ಷ ಬೇಕಾಯಿತು, ಆದರೆ ತಿರುಗಾಟ ಮಾತ್ರ ಅಂದಿನಿಂದ ನಿಲ್ಲಲಿಲ್ಲ.

ಡ್ಯೂಟಿ ಮುಗಿಸಿ, ಖಾಕಿ ಅಂಗಿ ಕಳಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆರಕ್ಕೆ ಗೇಟಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. "ಬರ್ರಿ, ಬಳ್ಳಾರಿ ನೋಡಾಕ ಹೋಗಮು. ರೊಕ್ಕ ಬ್ಯಾಡ, ಚಪ್ಪಲಿ ಗಟ್ಟಿ ಇದ್ರ ಸಾಕು" ಎಂದು ಕೂಗುತ್ತಿದ್ದ. ಗಡಿಯಾಚೆಯವರು ಕಂಡರೆ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದ. ಯಾವ ಸಂಜೆ ಎಲ್ಲಿ ಏನಿದೆ ಎಂಬುದು ಅವನ ಬಾಯಲ್ಲೇ ಇರುತ್ತಿತ್ತು. ಯಾವುದೋ ಓಣಿಯ ಒಂದು ಮಾಳಿಗೆಯ ಮೇಲೆ ಹವ್ಯಾಸಿಗಳು ಪೌರಾಣಿಕ ನಾಟಕದ ತಾಲೀಮು ಮಾಡುತ್ತಾರೆ, ಬಾಗಿಲು ಹಾಕುವುದಿಲ್ಲ, ಮೆಟ್ಟಿಲ ಮೇಲೆ ಕುಳಿತರೆ ಹಾರ್ಮೋನಿಯಂ ಪದ್ಯ ಪುಕ್ಕಟೆ. ಬಟ್ಟೆ ಅಂಗಡಿಯ ಗಾಜಿನೊಳಗಿನ ಗೊಂಬೆಗಳಿಗೆ ಶುಕ್ರವಾರ ಸೀರೆ ಬದಲಿಸುತ್ತಾರೆ, ಅದನ್ನು ನೋಡಲೂ ಕರೆದೊಯ್ಯುತ್ತಿದ್ದ. ದುರ್ಗಮ್ಮನ ಗುಡಿಯ ಸಂಜೆ ಮಂಗಳಾರತಿ, ಕೌಲ್ ಬಜಾರಿನ ಅತ್ತರಿನ ಅಂಗಡಿ, ಕಂಟೋನ್ಮೆಂಟಿನ ಹಳೇ ಬಂಗಲೆಗಳ ಮುಂದಿನ ಮರಗಳಲ್ಲಿ ಗಿಳಿಗಳು ಬಂದು ಕೂರುವ ಗಲಾಟೆ. ನಾನು ಆ ಮರಗಳ ಕೆಳಗೇ ಮನೆ ಮಾಡಿಕೊಂಡಿರುವವಳು, ಅಲ್ಲಿ ಗಿಳಿಗಳಿವೆ ಎಂದು ನನಗೆ ಹೇಳಿದವನು ಮಾರೆಣ್ಣ. ಕೊನೆಗೆ ತಿಂಡಿ ಗಾಡಿಯ ಮುಂದೆ ನಿಂತು ಮಂಡಕ್ಕಿ ಒಗ್ಗಾಣಿ, ಮಿರ್ಚಿ ಭಜಿ ತಿಂದು, ಎಂಟರೊಳಗೆ ಎಲ್ಲರನ್ನೂ ಗೇಟಿಗೆ ತಂದು ಬಿಡುತ್ತಿದ್ದ.

ಬೇಜವಾಬ್ದಾರಿ ಮನುಷ್ಯನಲ್ಲ. ಹಾಸಿಗೆ ಹತ್ತಿರ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಕರೆದೊಯ್ಯುತ್ತಿರಲಿಲ್ಲ. ಹೋಗುವ ಮುಂಚೆ ನನ್ನ ಟೇಬಲ್ಲಿಗೆ ಬಂದು, "ಇವರ ಪೇಷಂಟು ಹೆಂಗದಾರ? ಕರ್ಕೊಂಡು ಹೋಗಲೇನು?" ಎಂದು ಕೇಳಿಯೇ ಹೋಗುತ್ತಿದ್ದ. ನಾನು ಬೇಡ ಅಂದರೆ ಬೇಡ. ಇದನ್ನು ಇಲ್ಲಿ ಬರೆಯುವುದು ಯಾಕೆಂದರೆ, ಆ ಶನಿವಾರ ನಾನು ಬೇಡ ಅನ್ನಲಿಲ್ಲ.

ಸತ್ಯಮ್ಮ ಕಳೆದ ವರ್ಷ ಕಾರ್ತಿಕದಲ್ಲಿ ಬಂದಳು. ಸಿರಿಗೇರಿಯವಳು, ಮೂವತ್ತೆಂಟರ ಆಸುಪಾಸು, ಭತ್ತ ನಾಟಿ ಮಾಡುವ ಗುಂಪಿನಲ್ಲಿ ಕೂಲಿ. ಗಂಡ ಕರಿಬಸವ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ಸುಗ್ಗಿ ಸಮಯ, ಚೀಲದ ಅಟ್ಟಿ ಮಾಳಿಗೆ ಎತ್ತರ ಏರಿತ್ತು. ಅದರ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು, ಎದೆಗೂ ಪೆಟ್ಟಾಗಿತ್ತು. ಮೊದಲ ವಾರ ತೀವ್ರ ನಿಗಾ ಘಟಕದಲ್ಲಿದ್ದ. ಆಮೇಲೆ ತೊಡೆಗೆ ರಾಡು ಹಾಕಿ ನಮ್ಮ ವಾರ್ಡಿಗೆ ಕಳಿಸಿದರು.

ಸತ್ಯಮ್ಮನ ಹೆಗಲಲ್ಲಿ ಯಾವಾಗಲೂ ಒಂದು ಬಟ್ಟೆ ಚೀಲ. ಊಟಕ್ಕೂ ಅದೇ, ಮಲಗುವಾಗಲೂ ಅದೇ, ಪಾಯಿಖಾನೆಗೆ ಹೋದರೂ ಅದೇ. ಒಳಗೆ ಬಂಗಾರವಿದೆಯೇನೋ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಒಂದು ದಿನ ನಾನೇ ತೆಗೆಸಿ ನೋಡಿದೆ. ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು, ಅದರೊಳಗೆ ನಾಲ್ಕು ತುಳಸಿ ಎಲೆ.

"ಹೊಳಿ ನೀರ್ರಿ. ಸಿರುಗುಪ್ಪದಾಗ ತುಂಗಭದ್ರಾದಾಗ ತುಂಬಿಸಿದ್ದು. ಅಕಸ್ಮಾತ್ ಏನಾರ ಆದ್ರ ಬಾಯಾಗ ಬಿಡಾಕ."

ನನಗೆ ರೇಗಿ ಹೋಯಿತು. "ಗಂಡನ್ನ ಬದುಕ್ಸಾಕ ಕರ್ಕೊಂಡು ಬಂದೀಯೋ, ಸಾಯಸಾಕ ಕರ್ಕೊಂಡು ಬಂದೀಯೋ?" ಎಂದೆ.

"ಬದುಕ್ಸಾಕ ನೀವದೀರಿ. ಇದು ನನ್ನ ಕೆಲಸ" ಎಂದಳು, ಸಿಟ್ಟಿಲ್ಲದೆ.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವಳ ಮಾವ ಕಾಲುವೆ ದಂಡೆಯ ಮೇಲೆ ಎದೆ ಹಿಡಿದುಕೊಂಡು ಸತ್ತಿದ್ದ. ಮೊಳ ದೂರದಲ್ಲಿ ನೀರು ಹರಿಯುತ್ತಿತ್ತು, ಒಂದು ಬೊಗಸೆ ತೆಗೆದು ಬಾಯಿಗೆ ಬಿಡಲು ಮನೆಯವರು ಒಬ್ಬರೂ ಇರಲಿಲ್ಲ. ಅತ್ತೆ ಉಚ್ಚೆಂಗೆಮ್ಮ ಅದನ್ನು ಇಪ್ಪತ್ತು ವರ್ಷವಾದರೂ ಮರೆತಿರಲಿಲ್ಲ. ಮನೆಯಲ್ಲಿ ಏನು ಕೆಟ್ಟದ್ದಾದರೂ, ಆಡು ಸತ್ತರೂ, ಮೊಮ್ಮಗಳಿಗೆ ಜ್ವರ ಬಂದರೂ, ಬಾಯಾರಿ ಹೋದ ಜೀವ ಅಲೆಯುತ್ತಿದೆ ಎಂದೇ ಅವಳ ನಂಬಿಕೆ. ಮಗನನ್ನು ಆಂಬುಲೆನ್ಸಿಗೆ ಹಾಕುವಾಗ ಸೊಸೆಯ ಕೈಗೆ ಬಾಟಲಿ ಕೊಟ್ಟು, "ಅವರಪ್ಪ ಹೋದಂಗ ಇವ ಹೋಗಬಾರ್ದು, ನೀ ಅವನ್ನ ಬಿಟ್ಟು ಏಳಬ್ಯಾಡ" ಎಂದು ಭಾಷೆ ತೆಗೆದುಕೊಂಡಿದ್ದಳು. ಎರಡನೆಯ ದಿನವೇ ಕಸ ಗುಡಿಸುವವಳು ಖಾಲಿ ಬಾಟಲಿಗಳ ಜೊತೆ ಇದನ್ನೂ ಎತ್ತಿ ಬಿಸಾಡಿದ್ದಳಂತೆ. ಸತ್ಯಮ್ಮ ಅತ್ತು ಕರೆದು, ತಮ್ಮನನ್ನು ಸಿರುಗುಪ್ಪಕ್ಕೆ ಓಡಿಸಿ ಮತ್ತೆ ತುಂಬಿಸಿ ತರಿಸಿದಳು. ಅಂದಿನಿಂದ ಚೀಲ ಹೆಗಲಿನಿಂದ ಇಳಿದಿರಲಿಲ್ಲ.

ನಮ್ಮ ವಾರ್ಡಿಗೆ ಬಂದ ಮೇಲೆ ಇಪ್ಪತ್ತೊಂದು ದಿನ ಆ ಹೆಂಗಸು ಹೊರಗೆ ಹೋಗಲಿಲ್ಲ. ಮಾರೆಣ್ಣ ದಿನವೂ ಕರೆಯುತ್ತಿದ್ದ, ದಿನವೂ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಆದರೆ ಎಂಟು ಗಂಟೆಗೆ ಅವನು ಒಳಗೆ ಬಂದರೆ, "ಇವತ್ತು ಏನು ನೋಡಿದ್ರಿ?" ಎಂದು ಮೊದಲು ಕೇಳುತ್ತಿದ್ದವಳೂ ಅವಳೇ. ಅವನು ಸ್ಟೂಲು ಎಳೆದುಕೊಂಡು ಕುಳಿತು, ಇಲ್ಲದ್ದನ್ನೂ ಸೇರಿಸಿ, ಕೈ ಆಡಿಸಿ ಹೇಳುತ್ತಿದ್ದ. ಕರಿಬಸವ ಮಲಗಿದಲ್ಲೇ ನಗುತ್ತಿದ್ದ. ಸತ್ಯಮ್ಮ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ಜೀವಮಾನದಲ್ಲಿ ನಾಲ್ಕು ಸಲ ಬಳ್ಳಾರಿಗೆ ಬಂದಿದ್ದಳಂತೆ, ನಾಲ್ಕು ಸಲವೂ ಆಸ್ಪತ್ರೆಗೇ. ನಮ್ಮ ವಾರ್ಡಿನ ಕಿಟಕಿಯಿಂದ ಅವಳಿಗೆ ಕಾಣುತ್ತಿದ್ದ ಬಳ್ಳಾರಿ ಎಂದರೆ ಎದುರಿನ ಕಟ್ಟಡದ ಗೋಡೆ.

ಎಲ್ಲಕ್ಕಿಂತ ಅವಳಿಗೆ ಆಸೆ ಹುಟ್ಟಿದ್ದು ಕಾರಂಜಿಯ ಮೇಲೆ. ಊರ ಒಂದು ಉದ್ಯಾನದಲ್ಲಿ ಶನಿವಾರ, ಭಾನುವಾರ ಸಂಜೆ ಏಳಕ್ಕೆ ಹಾಡು ಹಾಕಿ ಬಣ್ಣದ ದೀಪ ಬಿಟ್ಟು ನೀರು ಕುಣಿಸುತ್ತಾರೆ. ಮಾರೆಣ್ಣ ಅದನ್ನು ಹೇಳಿದ ದಿನ ಅವಳು ಮೂರು ಸಲ ಕೇಳಿದಳು. "ನೀರು ಕುಣಿತೈತ್ರಿ? ಹಾಡಿಗೆ ಸರಿಯಾಗಿ?" ಹೊತ್ತು ಹುಟ್ಟಿದರೆ ಮೊಣಕಾಲಮಟ್ಟ ನೀರಿನಲ್ಲಿ ಬಗ್ಗಿ ನಾಟಿ ಹಚ್ಚುವವಳು. ನೀರು ತಾನೇ ಎದ್ದು ಆಡುತ್ತದೆ ಎಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ.

ಕರಿಬಸವ ಚೇತರಿಸಿಕೊಂಡ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟ. ಸೋಮವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಶನಿವಾರ ಮಧ್ಯಾಹ್ನ ಉಚ್ಚೆಂಗೆಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಮಗನನ್ನು ನೋಡಲು ಬಂದಳು. ಸಂಜೆ ಮಾರೆಣ್ಣ ಬಿಳಿ ಅಂಗಿ ತೊಟ್ಟು ಬಂದು ನಿಂತ.

"ಸೋಮವಾರ ಊರಿಗೆ ಹೋಗತೀವಿ, ಮತ್ಯಾವಾಗ ನೋಡತಿ? ಹೋಗ್ ಬಾ ಲೇ" ಎಂದ ಕರಿಬಸವ. "ನೋಡಿ ಬಂದು ನಂಗ ಹೇಳು. ಮಾರೆಣ್ಣ ಬರೇ ಸುಳ್ಳು ಹೇಳತಾನ, ನೀ ಖರೇ ಹೇಳು. ಬರಾಗ ಎರಡು ಮಿರ್ಚಿ ತಾ."

ಅವಳು ಅತ್ತೆಯ ಮುಖ ನೋಡಿದಳು. "ಹೋಗ್ ಬಾ, ನಾ ಅದೀನಲ್ಲ" ಎಂದಳು ಮುದುಕಿ. ಸತ್ಯಮ್ಮ ಇನ್ನೂ ನಿಂತೇ ಇದ್ದಳು. ಆಗ ನಾನು ಟೇಬಲ್ಲಿನಿಂದಲೇ, "ಹೋಗವ್ವ ತಾಯಿ, ಇಪ್ಪತ್ತೊಂದು ದಿನ ನಿನ್ನ ಮುಖ ನೋಡಿ ನಂಗ ಸಾಕಾಗೈತಿ. ನಾನೂ ಇಲ್ಲೇ ಇರತೀನಿ" ಎಂದೆ. ಅವಳು ನಕ್ಕು, ತಲೆ ಬಾಚಿಕೊಂಡು, ಚಪ್ಪಲಿ ಹುಡುಕಿ ಮೆಟ್ಟಿ ಹೊರಟಳು. ಚೀಲ ಹೆಗಲಲ್ಲೇ ಇತ್ತು. ಅದು ಅವಳ ಮೈಯ ಒಂದು ಭಾಗವೇ ಆಗಿದ್ದರಿಂದ ಅವಳಿಗಾಗಲಿ, ಮುದುಕಿಗಾಗಲಿ, ನನಗಾಗಲಿ ಅದು ಕಣ್ಣಿಗೆ ಬೀಳಲಿಲ್ಲ.

ಆರೂ ಐವತ್ತಕ್ಕೆ ಕರಿಬಸವ ತಾಯಿಯ ಜೊತೆ ಮಾತಾಡುತ್ತಿದ್ದವನು ದಿಂಬು ಸರಿ ಮಾಡು ಎಂದ. ಮರುಕ್ಷಣ ಎದೆ ಹಿಡಿದುಕೊಂಡ. ನಾನು ಓಡಿ ಹೋಗುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಮೂಳೆ ಮುರಿದು ಮಲಗಿದವರ ಕಾಲಿನಲ್ಲಿ ಕೆಲವೊಮ್ಮೆ ರಕ್ತ ಗಡ್ಡೆಗಟ್ಟಿ ಶ್ವಾಸಕೋಶಕ್ಕೆ ಏರುತ್ತದೆ. ಔಷಧಿ ಕೊಟ್ಟಿದ್ದರೂ, ಎಲ್ಲ ಎಚ್ಚರ ವಹಿಸಿದ್ದರೂ, ಒಮ್ಮೊಮ್ಮೆ ಏರುತ್ತದೆ. "ಅವ್ವ, ನೀರು" ಎಂದ ಅವನು. ಅದು ಅವನ ಕೊನೆಯ ಮಾತು.

ಉಚ್ಚೆಂಗೆಮ್ಮ ಲಾಕರು ತೆಗೆದಳು, ದಿಂಬಿನ ಕೆಳಗೆ ತಡಕಿದಳು, ಮಂಚದ ಕೆಳಗೆ ಬಗ್ಗಿದಳು. "ಬಾಟ್ಲಿ ಎಲ್ಲೈತಿ? ಹೊಳಿ ನೀರು ಎಲ್ಲೈತಿ?" ಎಂದು ಕೂಗುತ್ತಿದ್ದಳು. ಸಿಗದೆ, ಪಕ್ಕದ ಮಂಚದವರ ಲೋಟ ಕಿತ್ತುಕೊಂಡು ನಲ್ಲಿ ನೀರನ್ನೇ ಹಿಡಿದು ಬಂದಳು. ನಾನು ಅವಳ ಕೈ ಹಿಡಿದು ನೂಕಿದೆ. ಉಸಿರು ಸಿಗದವನ ಬಾಯಿಗೆ ನೀರು ಹಾಕಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಇದು ನಮಗೆ ಮೊದಲ ವರ್ಷವೇ ಕಲಿಸುವ ಪಾಠ. ಲೋಟ ನೆಲಕ್ಕೆ ಬಿತ್ತು. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಕೊಡಬೇಕಾದ್ದೆಲ್ಲ ಕೊಟ್ಟರು. ಏಳೂ ಇಪ್ಪತ್ತಕ್ಕೆ ಹೋಗಿದ್ದಾನೆ ಎಂದು ಬರೆದರು. ಎಲ್ಲವೂ ಸರಿಯಾಗಿಯೇ ನಡೆದಿತ್ತು, ಮನುಷ್ಯ ಮಾತ್ರ ಉಳಿಯಲಿಲ್ಲ.

ನಡುವೆ ಇನ್ನೊಬ್ಬ ಸಿಸ್ಟರ್ ಕೈಯಿಂದ ಮಾರೆಣ್ಣನಿಗೆ ಐದು ಸಲ ಫೋನು ಮಾಡಿಸಿದ್ದೆ. ಏಳಕ್ಕೆ ಕಾರಂಜಿ ಶುರುವಾಗಿತ್ತು. ಹಾಡಿನ ಅಬ್ಬರದಲ್ಲಿ ಅವನ ಜೇಬಿನ ಫೋನು ಅವನಿಗೆ ಕೇಳಲಿಲ್ಲ.

ಅಲ್ಲಿ ಏನಾಯಿತೆಂದು ಮಾರೆಣ್ಣ ಆಮೇಲೆ ಹೇಳಿದ. ದಾರಿಯುದ್ದಕ್ಕೂ ಸತ್ಯಮ್ಮ ಬಿಗಿಯಾಗಿಯೇ ಇದ್ದಳಂತೆ. ಗಾಡಿಯ ಹತ್ತಿರ ಒಂದು ಮಿರ್ಚಿ ತಿಂದು ಗಂಡನಿಗೆ ಎರಡು ಕಟ್ಟಿಸಿಕೊಂಡಳು. ಕಾರಂಜಿಯ ಮುಂದೆ ಮೊದಲ ಸಾಲಿನಲ್ಲಿ ಕೂರಿಸಿದ. ನೀರು ಎದ್ದಿತು, ಕೆಂಪಾಯಿತು, ಹಸಿರಾಯಿತು. ನಡುವೆ ಗಾಳಿ ತಿರುಗಿ ನೀರೆಲ್ಲ ಮೊದಲ ಸಾಲಿನವರ ಮೇಲೆ ಸುರಿಯಿತು. ಉಳಿದವರು ಎದ್ದು ಓಡಿದರು. ಸತ್ಯಮ್ಮ ಏಳಲಿಲ್ಲ. ತೊಯ್ದುಕೊಂಡು ಕುಳಿತು ನಗುತ್ತಿದ್ದಳಂತೆ, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಜೋರಾಗಿ, ಪಕ್ಕದ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ. "ಇಷ್ಟು ವರ್ಷ ಇಷ್ಟು ಮಂದೀನ ಕರ್ಕೊಂಡು ಹೋಗೀನಿ ಸಿಸ್ಟರ್. ಹಂಗ ಯಾರೂ ನಕ್ಕಿರ್ಲಿಲ್ಲ. ನನ್ನ ಕೆಲಸ ಇವತ್ತು ಪೂರಾ ಆತು ಅಂದ್ಕೊಂಡೆ" ಎಂದ.

ಏಳೂ ನಲವತ್ತಕ್ಕೆ ಆಟ ಮುಗಿದ ಮೇಲೆ ಅವನು ಫೋನು ನೋಡಿದ.

ಆಟೋ ಇಳಿದು ಅವಳು ಮೆಟ್ಟಿಲು ಹತ್ತಿ ಬಂದದ್ದು ನನಗೆ ಈಗಲೂ ಕಾಣುತ್ತದೆ. ಸೀರೆ ತೊಯ್ದು ಮೈಗೆ ಅಂಟಿತ್ತು. ಕೈಯಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣ. ಗಂಡನ ಮುಖ ಮುಚ್ಚಿದ್ದ ಬಟ್ಟೆ ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಲು ಹೋದಳು. ಉಚ್ಚೆಂಗೆಮ್ಮ ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ಇನ್ನ ಯಾತಕ್ಕ?" ಎಂದಳು, ಅಷ್ಟೇ.

ಸಿರಿಗೇರಿಯಲ್ಲಿ ಹನ್ನೊಂದು ದಿನ ಮುಗಿಯುವಷ್ಟರಲ್ಲಿ ಮಾತು ಹೇಗೆ ಬೆಳೆಯಿತೆಂದರೆ, ಗಂಡ ನೀರು ನೀರು ಎನ್ನುವಾಗ ಹೆಂಡತಿ ಬಳ್ಳಾರಿಯಲ್ಲಿ ಮಿರ್ಚಿ ತಿನ್ನುತ್ತ ನೀರಾಟ ಆಡುತ್ತಿದ್ದಳು. ಅದನ್ನು ಸುಳ್ಳೆಂದು ತಳ್ಳಿಹಾಕುವ ಹಾಗೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಅವಳ ತಮ್ಮ ಮಾತ್ರೆ ಬರೆಸಿಕೊಳ್ಳಲು ಬಂದವನು ಇನ್ನೊಂದು ಮಾತು ಹೇಳಿದ. ಉಚ್ಚೆಂಗೆಮ್ಮ ಸೊಸೆಯನ್ನು ಬೈಯುವುದಿಲ್ಲ, ಮನೆಯಿಂದ ಹೊರಗೂ ಹಾಕಿಲ್ಲ, ಆದರೆ ಅವಳ ಕೈಯಿಂದ ನೀರು ಮುಟ್ಟುವುದಿಲ್ಲ. ಸೊಸೆ ತುಂಬಿಟ್ಟ ಕೊಡ ಬಿಟ್ಟು, ಆ ವಯಸ್ಸಿನಲ್ಲಿ ತಾನೇ ನಲ್ಲಿಗೆ ಹೋಗಿ ಒಂದು ತಂಬಿಗೆ ಹಿಡಿದುಕೊಂಡು ಬರುತ್ತಾಳೆ. ಅದನ್ನು ನೋಡಿ ಓಣಿಯವರೂ ಕಲಿತರು. ನಾಟಿ ಗುಂಪಿನಲ್ಲಿ ಅವಳ ಬುತ್ತಿಯ ಪಕ್ಕ ಯಾರೂ ಬುತ್ತಿ ಬಿಚ್ಚುತ್ತಿಲ್ಲ.

ಮಾರೆಣ್ಣ ಅದನ್ನು ಕೇಳಿ ಸ್ಟ್ರೆಚರಿನ ಮೇಲೆ ಕುಳಿತುಬಿಟ್ಟ. ಅಷ್ಟು ದಿನ ಅವನು ತಿರುಗಾಟ ನಿಲ್ಲಿಸಿದ್ದ, ಕೇಳಿದವರಿಗೆ ಕಾಲುನೋವು ಎನ್ನುತ್ತಿದ್ದ. "ನಾ ಹೋಗಿ ತಪ್ಪು ನಂದು ಅಂತ ಮುದುಕಿ ಮುಂದ ಹೇಳತೀನಿ. ನಾ ಕರೀದಿದ್ರ ಆಕಿ ಹೋಗತಿರ್ಲಿಲ್ಲ. ಆಕಿ ಕೈ ನೀರು ಮುದುಕಿ ಕುಡೀಬೇಕು, ಅಷ್ಟ" ಎಂದ. ನಾನೂ ಹೊರಟೆ. ನನಗೂ ಹೇಳುವುದೊಂದಿತ್ತು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸಿರಿಗೇರಿ ಕ್ರಾಸಿಗೆ ಇಳಿದು, ಆಟೋ ಹಿಡಿದು ಹೋದೆವು. ಎರಡು ಅಂಕಣದ ಮನೆ. ಉಚ್ಚೆಂಗೆಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಅಕ್ಕಪಕ್ಕದ ನಾಲ್ಕು ಜನ ಬಂದು ನಿಂತರು, ಒಳ್ಳೆಯದೇ ಆಯಿತು ಅಂದುಕೊಂಡೆ. ಮಾರೆಣ್ಣ ಚಪ್ಪಲಿ ಬಿಟ್ಟು ಕೈ ಮುಗಿದ. "ಯಮ್ಮಾ, ಆಕಿ ಇಪ್ಪತ್ತೊಂದು ದಿನ ಬರಂಗಿಲ್ಲ ಅಂದ್ಲು. ನಾನ ಬಿಡ್ಲಿಲ್ಲ. ಬೈಯೋದಿದ್ರ ನನ್ನ ಬೈಯಿ, ಬಡಿಯೋದಿದ್ರ ನನ್ನ ಬಡಿ."

"ನೀ ಹೊರಗಿನವ, ಒಳ್ಳೇದಕ್ಕ ಕರದಿ. ನಿಂದೇನು ತಪ್ಪಪ್ಪ?" ಎಂದಳು ಮುದುಕಿ.

ನಾನು ನನ್ನದನ್ನು ಹೇಳಿದೆ. "ಬಾಟ್ಲಿ ಅಲ್ಲೇ ಇದ್ದಿದ್ರೂ ನಾನು ನೀರು ಬಿಡಾಕ ಬಿಡತಿರ್ಲಿಲ್ಲ. ನಿಮ್ಮ ಕೈ ನೂಕಿದಾಕಿ ನಾನಲ್ಲೇನು? ಸತ್ಯಮ್ಮ ಅಲ್ಲಿದ್ದಿದ್ರ ಆಕಿ ಕೈನೂ ನೂಕತಿದ್ದೆ."

"ನೀವು ನಿಮ್ಮ ಡ್ಯೂಟಿ ಮಾಡಿದ್ರಿ. ನಿಮ್ಮ ಮ್ಯಾಲೂ ಸಿಟ್ಟಿಲ್ಲ ನಂಗ."

"ಹೋಗ್ ಬಾ ಅಂತ ನೀವೂ ಅಂದ್ರಿ" ಎಂದೆ. ಇದನ್ನು ಹೇಳಬಾರದಿತ್ತೇನೋ, ತಡೆಯಲಾಗಲಿಲ್ಲ.

"ಅಂದೆ. ಮಗ ಅಂದ ಅಂತ ಅಂದೆ. ನಾನು ಅವನ ಹತ್ರ ಇದ್ನಲ್ಲವ್ವ." ಅವಳ ದನಿ ಏರಲೇ ಇಲ್ಲ. "ನೀರು ಆಕಿ ಹತ್ರ ಇತ್ತು."

ಯಾರದೂ ತಪ್ಪಿಲ್ಲ ಎಂದು ಒಬ್ಬೊಬ್ಬರನ್ನೇ ಬಿಡುತ್ತ ಬಂದು ಮುದುಕಿ ಕೊನೆಗೆ ಒಬ್ಬಳನ್ನೇ ಉಳಿಸಿದ್ದಳು. ಅಷ್ಟರಲ್ಲಿ ಸತ್ಯಮ್ಮ ಒಳಗಿನಿಂದ ತಟ್ಟೆಯಲ್ಲಿ ಮೂರು ಲೋಟ ನೀರು ತಂದಳು. ಮಾರೆಣ್ಣ ಒಂದು ತೆಗೆದುಕೊಂಡ, ನಾನೊಂದು ತೆಗೆದುಕೊಂಡೆ. ಇಬ್ಬರೂ ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಗಟಗಟ ಕುಡಿದೆವು. ಮೂರನೆಯ ಲೋಟ ತಟ್ಟೆಯಲ್ಲಿ ಉಳಿಯಿತು. ಉಚ್ಚೆಂಗೆಮ್ಮ ಗೋಡೆ ಹಿಡಿದು ಎದ್ದು, ತನ್ನ ತಂಬಿಗೆ ತೆಗೆದುಕೊಂಡು ನಲ್ಲಿಯ ಕಡೆ ನಡೆದಳು. ನಿಂತಿದ್ದವರು ದಾರಿ ಬಿಟ್ಟರು.

ಸತ್ಯಮ್ಮ ನಮ್ಮ ಜೊತೆ ಆಟೋ ನಿಲ್ಲುವ ತನಕ ಬಂದಳು. ಹದಿನೈದು ದಿನದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವಳ ಹಾಗೆ ಇಳಿದು ಹೋಗಿದ್ದಳು. ಮಾರೆಣ್ಣ ತಡೆದು ತಡೆದು, "ನೀ ಏನೂ ತಪ್ಪು ಮಾಡಿಲ್ಲವ್ವ. ಅವಂಗ ಆ ಹೊತ್ತಿನ್ಯಾಗ ಏನಾಗತೈತಿ ಅಂತ ನಿಂಗ ಹೆಂಗ ಗೊತ್ತಾಗಬೇಕು? ನೀ ಇನ್ನೂ ದಾರ್ಯಾಗ ಇದ್ದಿ ಅವಾಗ" ಎಂದ.

"ಸುಳ್ಳು ಹೇಳಬ್ಯಾಡ ಮಾರೆಣ್ಣ" ಎಂದಳು. "ಮಗಳು ರೇಣುಕಾ ಆಸ್ಪತ್ರಿ ಚೀಟಿ ಓದಿ ಹೇಳ್ಯಾಳ. ಏಳೂ ಇಪ್ಪತ್ತು. ನೀರು ಮೈಮ್ಯಾಲ ಬಿದ್ದು ನಾ ನಗಾಕತ್ತಿದ್ದು ಆ ಹೊತ್ತಿಗೇನ. ಆ ಹೊತ್ತಿನ್ಯಾಗ ನಂಗ ಅವರು ನೆನಪ ಇರ್ಲಿಲ್ಲ. ಮನಿ ನೆನಪಿರ್ಲಿಲ್ಲ, ಮಗಳು ನೆನಪಿರ್ಲಿಲ್ಲ. ಚೀಲ ಹೆಗಲ ಮ್ಯಾಲೈತಿ ಅನ್ನೋದೂ ನೆನಪಿರ್ಲಿಲ್ಲ. ಇದನ್ನ ಅತ್ತಿಗೆ ಹೇಳಿಲ್ಲ, ನಿಮಗ ಹೇಳೀನಿ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಅತ್ತಿ ನೀರು ಕುಡಿದ್ರೆಷ್ಟು, ಬಿಟ್ರೆಷ್ಟು. ಅದನ್ನ ತಡಕೊಂತೀನ್ರಿ" ಎಂದಳು. "ನಾ ಹುಟ್ಟಿದಾಗಿಂದ ನನ್ನ ಸಲುವಾಗಿ ಅಂತ ನೋಡಿದ್ದು ಅದೊಂದ. ಅರ್ಧ ತಾಸು. ಅಷ್ಟು ಚಂದದ್ದು ಮತ್ತೊಂದು ನೋಡಿಲ್ಲ, ನೋಡಂಗೂ ಇಲ್ಲ. ಕಣ್ಣು ಮುಚ್ಚಿದ್ರ ಆ ಬಣ್ಣದ ನೀರು ಬರತೈತಿ. ಬಂದ ಕೂಡಲೇ ಎದ್ದು ಕುಂದರತೀನಿ. ಅದನ್ನ ನೆನಸಾಕೂ ಬರದಂಗ ಆತಲ್ಲ ಮಾರೆಣ್ಣ."

ಆಟೋ ಬಂತು. ಮಾರೆಣ್ಣ ಅವಳಿಗೆ ಕೈ ಮುಗಿದು ಹತ್ತಿ ಕುಳಿತ.

ಮರುದಿನ ಸಂಜೆ ಆರಕ್ಕೆ ನಾನು ವಾರ್ಡಿನಿಂದ ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಐದಾರು ಜನ ಕಾಯುತ್ತಿದ್ದರು. ಯಾರೋ ಹಳೇ ರೋಗಿಯ ಕಡೆಯವರು ಮಾರೆಣ್ಣನ ವಿಷಯ ಹೇಳಿ ಕಳಿಸಿದ್ದರಂತೆ. ತೆಕ್ಕಲಕೋಟೆಯ ಪಾರಮ್ಮ ಅನ್ನುವ ಮುದುಕಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವಳ ಮಗನ ಹೊಟ್ಟೆಯ ಆಪರೇಷನ್ ಆಗಿ ಆರು ದಿನವಾಗಿತ್ತು, ಮಗನ ಹತ್ತಿರ ಸೊಸೆ ಇದ್ದಳು. ಮುದುಕಿ ಒಗೆದ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, "ಮಾರೆಣ್ಣ ಅಂದ್ರ ನೀನೇನಪ್ಪ? ಬಳ್ಳಾರಿ ತೋರಸ್ತಿ ಅಂತ" ಎಂದಳು.

ಮಾರೆಣ್ಣ ಖಾಕಿ ಅಂಗಿಯಲ್ಲೇ ಇದ್ದ. "ಬಳ್ಳಾರ್ಯಾಗ ನೋಡೋದು ಏನಿಲ್ಲವ್ವ" ಎಂದ. "ಒಳಗ ಹೋಗ್ರಿ. ಒಳಗ ಬಿಡದಿದ್ರ ಬಾಗಿಲ ಮುಂದ ಕುಂದರ್ರಿ. ನಿಮ್ಮವರು ಕೂಗಿದ್ರ ಕೇಳಬೇಕು, ಅಷ್ಟು ಹತ್ರ ಕುಂದರ್ರಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ರಸ್ತೆಯ ಕಡೆ ಹೊರಟರು. ಪಾರಮ್ಮ ಚಪ್ಪಲಿ ಹಿಡಿದುಕೊಂಡೇ ವಾಪಸು ಬಂದು ವರಾಂಡದಲ್ಲಿ ಗೋಡೆಗೆ ಒರಗಿ ಕುಳಿತಳು. ಇನ್ನೂ ಬೆಳಕಿತ್ತು. ಮಾರೆಣ್ಣ ಅವಳ ಪಕ್ಕ ಬಂದು ಕುಳಿತ, ಎಂಟು ಗಂಟೆಯಾದರೂ ಏಳಲಿಲ್ಲ.